ನಮ್ಮ ಮನೆಯ ನೀರು ಹಂಚಿದಾಕೆ

ಟಾಕಿ ಆಯಿ ತೀರಿಕೊಂಡಳು ಎಂದು ಹೇಳಿದಾಗ ನೀವಿಬ್ಬರೂ ಮೊಮ್ಮಕ್ಕಳು ಫೋನಿನಲ್ಲಿ ಅತ್ತಿರಿ. ಮೊದಲು ದೊಡ್ಡಾಕೆ ಅತ್ತಳು, ಆಮೇಲೆ ಸಣ್ಣಾಕೆ ಫೋನು ಕಸಿದುಕೊಂಡು ಅತ್ತಳು. ನೀವು ಮುದ್ದೇಬಿಹಾಳದಲ್ಲಿ ಅಳುವುದನ್ನು ನಾನು ಇಂಡಿಯಲ್ಲಿ ಹೊಸ್ತಿಲ ಮೇಲೆ ಕುಳಿತು ಕೇಳಿದೆ. ನನಗೂ ದುಃಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮ ಅಳು ಕೇಳಿದ ಕೂಡಲೇ ದುಃಖದ ಮುಂದೆ ಬೇರೊಂದು ಬಂದು ನಿಂತಿತು. ಹೋದ ವರ್ಷ ನನಗೆ ಟೈಫಾಯಿಡ್ ಆಗಿ ದವಾಖಾನೆಯಲ್ಲಿ ಮಲಗಿದ್ದಾಗ ನೀವು ಬಂದು ಮೋಸಂಬಿ ಸುಲಿದುಕೊಟ್ಟು, ಅರ್ಧ ನೀವೇ ತಿಂದು, ಮಂಚದ ಗಾಲಿ ತಿರುಗುತ್ತದೋ ಇಲ್ಲವೋ ನೋಡಿ ಹೋಗಿದ್ದಿರಿ. ಅತ್ತಿರಲಿಲ್ಲ.

"ಆಕೀ ಬಗ್ಗೆ ಏನಾರ ಬರದ ಕೊಡು ಆಯಿ, ನಾವು ಇಟ್ಕೋತೇವಿ" ಎಂದಳು ದೊಡ್ಡಾಕೆ. ಬರೆಯುತ್ತೇನೆ ಎಂದೆ. ಹಲಸಂಗಿಯ ಹತ್ತಿರದ ನಮ್ಮೂರ ಸಾಲಿಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಅಕ್ಷರ ದುಂಡಗಿವೆ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಆಗುವುದಿಲ್ಲ, ಅದು ನಿಮಗೆ ಗೊತ್ತು. ಬರೆಯುವುದಾದರೆ ಆಗುತ್ತದೆ. ಆಕೆಯ ಹೆಸರು ಬರೆಯುವುದಿಲ್ಲ. ನೀವು ಇಟ್ಟ ಹೆಸರೇ ಸಾಕು. ಆ ಹೆಸರಿನ ಮೇಲೂ ನನಗೆ ಒಂದು ತಕರಾರಿದೆ, ಮುಂದೆ ಹೇಳುತ್ತೇನೆ.

ಆಕೆ ಬರುವ ಮುಂಚೆ ನಮ್ಮ ಮನೆ ಹೇಗಿತ್ತು ಎನ್ನುವುದು ನಿಮಗೆ ನೆನಪಿರಲಾರದು. ನಿಮ್ಮ ಅಜ್ಜ ಮಾಸ್ತರಕಿ ಮಾಡುತ್ತ ಮಾಡುತ್ತ ಈ ಜಾಗ ಹಿಡಿದು, ಮುಂದೆ ನಮ್ಮ ಮನೆ, ಅಂಗಳದ ಆಚೆ ಸಾಲಾಗಿ ಬಾಡಿಗೆಗೆ ನಾಲ್ಕು ಸಣ್ಣ ಮನೆ ಕಟ್ಟಿಸಿದರು. ಐದು ಮನೆಗೆ ಒಂದೇ ನಳ, ನೆಲದೊಳಗೆ ಒಂದೇ ಟಾಕಿ, ಮಾಳಿಗೆಯ ಮೇಲೆ ಒಂದು ಟಾಕಿ, ಕೆಳಗಿನ ನೀರು ಮೇಲೆ ಏರಿಸುವ ಮೋಟರು ಒಂದು. ಕರೆಂಟಿನ ಮೀಟರೂ ಒಂದೇ. ಗೇಟಿನ ಪಕ್ಕದ ಗೋಡೆಯಲ್ಲಿ ಕಬ್ಬಿಣದ ಬಾಗಿಲಿನ ಗೂಡು ಇದೆಯಲ್ಲ, ನಳದ ನೀರನ್ನು ಒಳಗೆ ಬಿಡುವ ವಾಲೂ ಅದರೊಳಗೇ, ಮೋಟರಿನ ಬಟನ್ನೂ ಅದರೊಳಗೇ. ಅದಕ್ಕೊಂದು ಕೀಲಿ. ಆ ಕೀಲಿಯ ಚಾವಿ ಯಾರ ಕೈಯಲ್ಲಿರುತ್ತದೋ ಅವರ ಕೈಯಲ್ಲಿ ಐದು ಮನೆಯ ಸ್ನಾನ, ಅಡಿಗೆ, ಅರಬಿ ಒಗೆಯುವುದು ಎಲ್ಲ ಇರುತ್ತದೆ. ನಮ್ಮ ಕಡೆ ನಳ ಬರುವುದು ಎಂಟು ದಿನಕ್ಕೊಮ್ಮೆ, ಅದೂ ಎರಡು ತಾಸು.

ಅಜ್ಜ ಇರುವ ತನಕ ಚಾವಿ ಅವರ ಜನಿವಾರದಂತೆ ಮೈಮೇಲೇ ಇರುತ್ತಿತ್ತು. ಅವರು ಹೋದ ಮೇಲೆ ನಾನು ಅದನ್ನು ಗೇಟಿನ ಹತ್ತಿರ ಒಂದು ಮೊಳೆಗೆ ಸಿಗಿಸಿಬಿಟ್ಟೆ. ಯಾರಿಗೆ ಬೇಕೋ ಅವರು ತೆಗೆದುಕೊಳ್ಳಲಿ, ನನ್ನನ್ನು ಕೇಳಲು ಬರದಿದ್ದರೆ ಸಾಕು. ಬಂದವರೆಲ್ಲ ಮೋಟರು ಹಾಕಿದರು. ಮೇಲಿನ ಟಾಕಿ ತುಂಬಿ ಓಣಿಗೆ ಹರಿಯುತ್ತಿತ್ತು, ಕೊನೆಯ ಮನೆಯ ನಲ್ಲಿಯಲ್ಲಿ ಗಾಳಿ ಬರುತ್ತಿತ್ತು. ಮೂರನೆಯ ದಿನಕ್ಕೇ ನೆಲದ ಟಾಕಿಯ ತಳ ಕಾಣುತ್ತಿತ್ತು.

ಒಂದು ದಿನ ಎರಡನೆಯ ಮನೆಯ ಕಂಡಕ್ಟರನ ಹೆಂಡತಿಗೂ ಮೂರನೆಯ ಮನೆಯ ಮಾಸ್ತರನ ಹೆಂಡತಿಗೂ ಅಂಗಳದಲ್ಲಿ ಜಗಳ ಹತ್ತಿತು. "ನಿಮ್ಮ ಮನ್ಯಾಗ ಅರಬಿ ಮೂರ ಸಲ ಜಾಲಸ್ತೀರಿ, ನಮ್ಮ ಕೊಡದಾಗ ಕಪ್ಪಿ ಕಾಲ ತೊಳ್ಕೊಳ್ಳಾಕೂ ನೀರಿಲ್ಲ" ಎಂದು ಕಂಡಕ್ಟರನ ಹೆಂಡತಿ ಖಾಲಿ ಕೊಡ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದಳು. ಆ ಮನೆಗಳ ಮಾಲಕಳು ನಾನು. ಹೊರಗೆ ಬಂದು ಎರಡು ಮಾತು ಹೇಳಬೇಕಾದವಳು ನಾನು. ನಾನು ಬಾಗಿಲ ಅಗಳಿ ಹಾಕಿಕೊಂಡು ಹಸನು ಮಾಡಿದ್ದ ಜೋಳವನ್ನೇ ಮೊರದಲ್ಲಿ ಹಾಕಿ ಮತ್ತೊಮ್ಮೆ ಹಸನು ಮಾಡುತ್ತ ಕುಳಿತೆ.

ಆಗ ಬಾಗಿಲು ಬಡಿದ ಸಪ್ಪಳವಾಯಿತು. ಹದಿನೈದು ದಿನದ ಹಿಂದಷ್ಟೇ ಕೊನೆಯ ಮನೆಗೆ ಬಾಡಿಗೆಗೆ ಬಂದಿದ್ದ ಹಾಸ್ಟೆಲಿನ ಅಡಿಗೆಯಾಕೆ. ಹುಡುಗಿಯರ ಹಾಸ್ಟೆಲಿನಲ್ಲಿ ದಿನಾ ಎಂಬತ್ತು ಎಲೆಗೆ ಬಡಿಸುವಾಕೆ.

"ಅಮ್ಮಾರ, ಚಾವಿ ನನ್ನ ಕಡೆ ಇರಲ್ರಿ? ನಿಮಗ ಬ್ಯಾಸರ ಇಲ್ಲಂದ್ರ ಅಷ್ಟ."

ಇರಲಿ ಎಂದೆ, ಬಾಗಿಲು ತೆರೆಯದೇ. ಆಕೆ ಮೊಳೆಯಿಂದ ಚಾವಿ ತೆಗೆದುಕೊಂಡಳು. ಒಂದು ತಿಂಗಳು ನಾನು ಬಹಳ ಸುಖವಾಗಿದ್ದೆ. ಆಮೇಲೆ ಇರಲಿಲ್ಲ.

ಆಕೆಯ ಆಕಾರ ನಿಮಗೆ ನೆನಪಿದೆ, ಆದರೂ ಬರೆಯುತ್ತೇನೆ. ಎತ್ತರ, ಕಪ್ಪು, ಗಂಡಸರ ಚಪ್ಪಲಿ ಹಿಡಿಸುವಂಥ ಪಾದ. ಒಗ್ಗರಣೆ ಸಿಡಿದು ಮುಂಗೈ ತುಂಬ ಚುಕ್ಕಿ ಚುಕ್ಕಿ. ಸೀರೆಯ ಸೆರಗನ್ನು ಸೊಂಟಕ್ಕೆ ಎಷ್ಟು ಬಿಗಿ ಸಿಗಿಸುತ್ತಿದ್ದಳೆಂದರೆ ಆಕೆ ಎಲ್ಲಿಗೋ ಜಗಳಕ್ಕೆ ಹೊರಟಿದ್ದಾಳೆ ಎಂದು ಹೊಸಬರು ತಿಳಿಯಬೇಕು. ಜಗಳ ಮಾತ್ರ ಎಂದೂ ಮಾಡಲಿಲ್ಲ. ದನಿ ದೊಡ್ಡದು, ಆದರೆ ಏರುತ್ತಿರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಊರು ಇಂಗಳೇಶ್ವರ. ಅಣ್ಣ ಬಸವನ ಬಾಗೇವಾಡಿಯಲ್ಲಿದ್ದ. ಗಂಡ ಬಿಟ್ಟಿದ್ದನೋ ತೀರಿಕೊಂಡಿದ್ದನೋ ನನಗೆ ಗೊತ್ತಿಲ್ಲ. ಒಂಬತ್ತು ವರ್ಷ ಒಂದೇ ಅಂಗಳದಲ್ಲಿದ್ದು ಅದನ್ನೊಂದು ನಾನು ಕೇಳಲಿಲ್ಲ. ಉಳಿದವರೆಲ್ಲ ಕೇಳಿರಬೇಕು.

ಆಕೆ ಮೊದಲು ಮಾಡಿದ ಕೆಲಸ ಒಂದು ಒಣ ಜೋಳದ ದಂಟು ತಂದದ್ದು. ನೆಲದ ಟಾಕಿಯ ಮುಚ್ಚಳ ತೆಗೆದು ದಂಟನ್ನು ಒಳಗೆ ಇಳಿಸುತ್ತಿದ್ದಳು. ಎತ್ತಿ, ಎಷ್ಟು ಗೆಣ್ಣಿನವರೆಗೆ ತೊಯ್ದಿದೆ ಎಂದು ನೋಡುತ್ತಿದ್ದಳು. ಒಂದು ಗೆಣ್ಣಿಗೆ ಒಂದು ದಿನ ಎಂದು ಆಕೆಯ ಲೆಕ್ಕ. ಎದ್ದ ಕೂಡಲೇ ಅಂಗಳದ ನಡುವೆ ನಿಂತು ಐದು ಮನೆಗೂ ಕೇಳುವಂತೆ ಹೇಳುತ್ತಿದ್ದಳು. "ಮೂರ ಗೆಣ್ಣ ಐತಿ, ನಳಾ ಬರಾಕ ನಾಕ ದಿನ ಐತಿ. ಇವತ್ತ ಅರಬಿ ಬ್ಯಾಡ." ಅಷ್ಟೇ. ಆ ದಿನ ಯಾರ ಮನೆಯ ಹಗ್ಗದ ಮೇಲೂ ಅರಬಿ ಬೀಳುತ್ತಿರಲಿಲ್ಲ. ಜಗಳಕ್ಕೆ ಕೊಡ ಎತ್ತಿ ತೋರಿಸಿದ ಕಂಡಕ್ಟರನ ಹೆಂಡತಿ ಕೂಡ ನೆನೆಸಿದ ಅರಬಿಯನ್ನು ಹಿಂಡಿ ಒಳಗಿಡುತ್ತಿದ್ದಳು. ದಂಟು ನೆನೆನೆನೆದು ಮೆತ್ತಗಾದರೆ ಹೊಸದು. ಕಣಕಿ ತುಂಬಿದ ಗಾಡಿ ಓಣಿಯಲ್ಲಿ ಹಾದರೆ ಓಡಿ ಹೋಗಿ ಒಂದು ದಂಟು ಇಸಿದುಕೊಂಡು ಬರುತ್ತಿದ್ದಳು.

ಮೇಲಿನ ಟಾಕಿಗೆ ದಂಟು ಬೇಕಿರಲಿಲ್ಲ. ಮಾಳಿಗೆ ಹತ್ತಿ ಬೆರಳ ಗೆಣ್ಣಿನಿಂದ ಕೊಕ್ ಕೊಕ್ ಎಂದು ಬಡಿಯುತ್ತ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದಳು. ಸಪ್ಪಳ ಬದಲಾದಲ್ಲಿ ನೀರು ಮುಗಿಯಿತು. ನೀವು ಬೇಸಿಗೆ ಸೂಟಿಗೆ ಬಂದಾಗ ನಿಮ್ಮಿಬ್ಬರನ್ನೂ ಮೇಲೆ ಕರೆದುಕೊಂಡು ಹೋಗಿ ಕಿವಿ ಹಚ್ಚಿ ಕೇಳಿಸಿದಳು. ಎರಡು ದಿನದಲ್ಲಿ ನೀವು ಕಲಿತುಬಿಟ್ಟಿರಿ. ಇಡೀ ದಿನ ಮಾಳಿಗೆಯ ಮೇಲೆ ಕೊಕ್ ಕೊಕ್. ಸಣ್ಣಾಕೆ ಕೆಳಗೆ ಬಂದು ನನ್ನನ್ನು ಕೇಳಿದಳು, ಆಯಿ, ನಿನಗ ಬರ್ತೈತೇನ ಇದು? ಹಂಚಿನ ಮೇಲೆ ರೊಟ್ಟಿ ಐತಿ, ಸರಿ ಅತ್ತಾಗ ಎಂದೆ. ಅವತ್ತಿನಿಂದಲೇ ನೀವು ಆಕೆಯನ್ನು ಟಾಕಿ ಆಯಿ ಎನ್ನಲು ಶುರುಮಾಡಿದ್ದು. ನನ್ನ ತಕರಾರು ಇದೇ. ಆಯಿ ಎನ್ನುವುದು ನನ್ನದು. ಮುಂದೆ ಟಾಕಿ ಹಚ್ಚಿದರೂ ಅದು ನನ್ನದೇ.

ಉಳಿದವರು ಆಕೆಯನ್ನು ಅಕ್ಕ ಎನ್ನುತ್ತಿದ್ದರು, ನನ್ನನ್ನು ಅಮ್ಮಾರು. ಅಮ್ಮಾರು ಎಂದರೆ ಮರ್ಯಾದೆ ಎಂದು ನೀವು ಹೇಳಬಹುದು. ಅಮ್ಮಾರು ಎಂದ ಮೇಲೆ ಯಾರೂ ಕಟ್ಟೆಯ ಮೇಲೆ ಕೂಡುವುದಿಲ್ಲ, ನಿಂತೇ ಮಾತಾಡಿ ಹೋಗುತ್ತಾರೆ. ಅಕ್ಕಾ ಎನ್ನುತ್ತ ಬಂದವರು ಆಕೆಯ ಬಾಗಿಲಲ್ಲಿ ಕಾಲು ಚಾಚಿ ಕೂಡುತ್ತಿದ್ದರು.

ಪಂಚಮಿಯ ಉಂಡಿ ಮೊದಲು ಯಾರ ಬಾಗಿಲಿಗೆ ಹೋಗುತ್ತವೆ ಎಂದು ನಾನು ಕಿಟಕಿಯಿಂದ ನೋಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನೋಡುತ್ತಿದ್ದದ್ದು ನಿಜ. ನನ್ನ ಮನೆಗೂ ಬರುತ್ತಿದ್ದವು, ತಾಟು ತುಂಬ ಬರುತ್ತಿದ್ದವು. ಎರಡನೆಯದಾಗಿ.

ಕರೆಂಟಿನ ವಿಷಯವೂ ಹೀಗೇ ಆಯಿತು. ಒಂದೇ ಮೀಟರು, ಯಾರದೋ ಮನೆಯಲ್ಲಿ ಕಾಯಿಲ್ ಹಚ್ಚಿ ನೀರು ಕಾಸುತ್ತಿದ್ದರು. ಅವರು ಕಾಯಿಲ್ ಹಚ್ಚಿದಾಗೆಲ್ಲ ಐದು ಮನೆಯ ಫ್ಯೂಸು ಹೋಗುತ್ತಿತ್ತು. ಯಾರೆಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಆಕೆ ಪತ್ತೆ ಮಾಡಲೂ ಇಲ್ಲ, ಯಾರನ್ನೂ ಕೇಳಲೂ ಇಲ್ಲ. ನನ್ನ ಬಾಗಿಲಿಗೆ ಬಂದು, ನಿಮ್ಮ ತಾಮ್ರದ ಹಂಡೆ ಸುಮ್ಮನೆ ಕುಂತೈತಲ್ರಿ, ಕೊಡ್ತೀರೇನು ಎಂದಳು. ನನ್ನ ಮದುವೆಯಲ್ಲಿ ತವರಿನಿಂದ ಕೊಟ್ಟ ಹಂಡೆ ಅದು. ಕೊಟ್ಟೆ. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ತೊಗರಿ ಕಟಗಿ ಹಾಕಿ, ಹಾಸ್ಟೆಲಿಗೆ ಹೋಗುವ ಮುಂಚೆ ಬೆಂಕಿ ಹಚ್ಚಿ ಹೋಗುತ್ತಿದ್ದಳು. ಒಯ್ದಷ್ಟು ತಣ್ಣೀರು ಸುರಿದು ಬಿಸಿನೀರು ಒಯ್ಯಬೇಕು, ಅದೊಂದೇ ಕಾಯಿದೆ. ಕಾಯಿಲ್ ತಾನಾಗಿಯೇ ನಿಂತಿತು. ಆರು ತಿಂಗಳಾದ ಮೇಲೆ ಮಾಸ್ತರನ ಹೆಂಡತಿ ತನ್ನ ತಂಗಿಗೆ ಹೇಳುವುದು ನನ್ನ ಕಿವಿಗೆ ಬಿತ್ತು, ಅಕ್ಕನ ಹಂಡ್ಯಾಗ ತುಗೊಂಡ ಬಾ ಎಂದು. ಅಕ್ಕನ ಹಂಡೆ. ಅದರ ಕಂಠದ ಮೇಲೆ ನನ್ನ ಹೆಸರು ಕೊರೆದಿದೆ. ಮಸಿ ಹಿಡಿದು ಕಾಣುತ್ತಿರಲಿಲ್ಲ.

ನಾನೂ ಒಮ್ಮೆ ಪ್ರಯತ್ನ ಮಾಡಿದೆ. ಮಾಲಕಳು ನಾನು, ನಾನೇಕೆ ಹೇಳಬಾರದು ಎಂದು ಒಲೆಯ ಮುಂದೆ ಕುಳಿತು ನಾಲ್ಕು ಸಲ ಹೇಳಿ ನೋಡಿಕೊಂಡೆ. ಆಮೇಲೆ ಅಂಗಳಕ್ಕೆ ಹೋಗಿ ಕಂಡಕ್ಟರನ ಹೆಂಡತಿಗೆ, ಇವತ್ತು ಸ್ವಲ್ಪ ನೀರು ಹಿಡಿದು ಬಳಸು ಎಂದೆ. ಆಕೆ ಬಹಳ ಮರ್ಯಾದೆಯಿಂದ ನಿಂತುಕೊಂಡು, ಅಕ್ಕನ್ನ ಕೇಳೇನ್ರಿ ಅಮ್ಮಾರ, ಇವತ್ತ ಅಡ್ಡಿಯಿಲ್ಲ ಅಂದಾಳ ಎಂದಳು. ನಾನು ಹೌದಾ ಎಂದು ಒಳಗೆ ಬಂದೆ.

ಹೀಗೆ ನಾಲ್ಕೈದು ವರ್ಷ. ಮನೆ ಕೇಳಿಕೊಂಡು ಬಂದವರು ಆಕೆಯ ಮುಂದೆ ನಿಂತು ಕೈ ಮುಗಿಯುವರು. ಆಕೆ ನಕ್ಕು ನನ್ನ ಬಾಗಿಲ ಕಡೆ ಕೈ ಮಾಡುವಳು, ಮಾಲಕರು ಅಲ್ಲಿ ಅದಾರ್ರಿ ಎಂದು. ಬಂದವರು ಈ ಕಡೆ ತಿರುಗುವಷ್ಟರಲ್ಲಿ ನಾನು ಬಾಗಿಲ ಹಿಂದೆ ಸರಿದಿರುತ್ತಿದ್ದೆ. ಆಕೆಯದೇನು ತಪ್ಪಿತ್ತು ಅದರಲ್ಲಿ? ಆ ಮಾತನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಏನೂ ಇರಲಿಲ್ಲ. ಏನಾದರೂ ಇದ್ದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ.

ಆ ವರ್ಷ ಸಣ್ಣಾಕೆ ಸೂಟಿಗೆ ಬಂದಾಗ ನಮ್ಮ ಮನೆಯ ಚಿತ್ರ ಬರೆದಳು. ಐದು ಬಾಗಿಲು ಸರಿಯಾಗಿ ಎಣಿಸಿ ಬರೆದಿದ್ದಳು. ಮಾಳಿಗೆಯ ಮೇಲೆ ಟಾಕಿಗಿಂತ ದೊಡ್ಡದಾಗಿ ಆಕೆ, ಕೈಯಲ್ಲಿ ಜೋಳದ ದಂಟು. ಬೆಕ್ಕು ಕೂಡ ಇತ್ತು. ನಾನೆಲ್ಲಿ ಎಂದು ಕೇಳಿದೆ.

"ನೀ ಒಳಗ ಅದಿಯಲ್ಲಾ ಆಯಿ" ಎಂದಳು ಸಣ್ಣಾಕೆ.

ಆ ಕೂಸಿನ ತಪ್ಪು ಇಲ್ಲ. ಇದನ್ನು ಓದಿ ಈಗ ಬೇಜಾರು ಮಾಡಿಕೊಳ್ಳಬೇಡ ಮಗಳೇ. ನೀನು ಕಂಡದ್ದನ್ನು ಬರೆದಿದ್ದಿ. ಆದರೆ ಆ ಚಿತ್ರ ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ. ನೀವು ಊರಿಗೆ ಹೋದ ಮರುದಿನ, ಆಕೆ ಹಾಸ್ಟೆಲಿಗೆ ಹೋಗಿದ್ದಾಗ, ಆಕೆಯ ಬಾಗಿಲ ಚೌಕಟ್ಟಿನ ಮೊಳೆಯಲ್ಲಿ ತೂಗುತ್ತಿದ್ದ ಚಾವಿ ತೆಗೆದು ನನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ನನ್ನ ಮನೆಯ ಚಾವಿ ನಾನು ತೆಗೆದುಕೊಂಡೆ. ಯಾರಿಗೂ ಹೇಳಲಿಲ್ಲ. ಈ ಸಲ ನಳ ಬಂದಾಗ ನಾನೇ ಗೂಡು ತೆರೆದು ವಾಲು ತಿರುವಿ ಎಲ್ಲರ ಮುಂದೆ ನಿಂತಿರಬೇಕು ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು.

ನಳ ಬರುವುದಕ್ಕೆ ಇನ್ನೂ ಎರಡು ದಿನವಿತ್ತು. ನಡುವೆ ಸಿಂದಗಿಯಲ್ಲಿ ನನ್ನ ತಂಗಿಯ ಮಗಳ ಕುಬಸ. ಬೆಳಿಗ್ಗೆ ಬಸ್ಸು ಹತ್ತಿದೆ, ಸಂಜೆಗೆ ತಿರುಗಿ ಬರುವುದು. ಸೆರಗಿನ ಗಂಟು ಹಾಗೇ ಇತ್ತು. ನಾಳೆ ಬರುವ ನೀರಿಗೆ ಇವತ್ತು ಚಾವಿ ಯಾರಿಗೆ ಬೇಕು ಎಂದುಕೊಂಡೆ.

ಸಿಂದಗಿಯಲ್ಲಿ ಬಸುರಿಯನ್ನು ಹಸೆಯ ಮೇಲೆ ಕೂಡಿಸಿ ಉಡಿ ತುಂಬುತ್ತಿದ್ದರು. ನನ್ನ ಪಿಶವಿಯೊಳಗೆ ಫೋನು ಬಾರಿಸಿತು. ತೆಗೆದು ನೋಡಿದೆ. ಆಕೆಯದು. ಆಕೆ ಎಂದೂ ನನಗೆ ಫೋನು ಮಾಡಿದಾಕೆಯಲ್ಲ. ನಳ ಒಂದು ದಿನ ಮುಂಚೆ ಬಂದಿದೆ ಎಂದು ಆ ಕ್ಷಣಕ್ಕೇ ನನಗೆ ತಿಳಿಯಿತು. ಬೆರಳು ಹಸಿರು ಗುಂಡಿಯ ಮೇಲಿತ್ತು. ಒತ್ತಲಿಲ್ಲ. ನಿಂತಿತು, ಮತ್ತೆ ಬಾರಿಸಿತು. ಮೂರು ಸಲ. ಇಂಡಿಗೆ ಹೋಗಿ ಮುಟ್ಟುವುದರೊಳಗೆ ನಳ ಹೋಗಿರುತ್ತದೆ, ಎತ್ತಿದರೂ ಏನು ಉಪಯೋಗ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಎತ್ತಿದ್ದರೆ ಕೀಲಿ ಒಡೆಯಿರಿ ಎಂದು ಹೇಳಬಹುದಿತ್ತು. ಒಂದು ಮಾತಿನ ಕೆಲಸ. ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಈಗಲಾದರೂ ಕೇಳಲಿ, ಮನೆ ಯಾರದು ಎಂದು ಈಗಲಾದರೂ ತಿಳಿಯಲಿ ಎಂದು ಇತ್ತು. ಫೋನು ಪಿಶವಿಗೆ ಹಾಕಿ ಹೋಳಿಗೆ ಊಟಕ್ಕೆ ಕುಳಿತೆ.

ಸಂಜೆ ಬಂದು ಗೇಟು ತೆಗೆದರೆ ಅಂಗಳದಲ್ಲಿ ಎಲ್ಲರೂ ನಿಂತಿದ್ದರು. ಖಾಲಿ ಕೊಡಗಳು ಗೋಡೆಗೆ ಸಾಲಾಗಿ ಕುಳಿತಿದ್ದವು. ಮೊದಲ ಮನೆಯಲ್ಲಿ ಬಾಣಂತಿ ಇದ್ದಳು, ಹನ್ನೊಂದು ದಿನದ ಕೂಸು. ಅದು ಅಳುತ್ತಿತ್ತು. ಬೈಗುಳ ನನಗೇ ಎಂದುಕೊಂಡು ನಾನು ಗೇಟಿನಲ್ಲೇ ನಿಂತೆ. ಆದರೆ ಅವರೆಲ್ಲರ ಮುಖ ಆಕೆಯ ಕಡೆಗಿತ್ತು.

"ಇಷ್ಟ ಜ್ವಾಕಿ ಮಾಡಾಕಿ, ಹೆಂಗ ಕಳದೀ ಅಕ್ಕಾ?" ಎಂದು ಕಂಡಕ್ಟರನ ಹೆಂಡತಿ ಕೇಳುತ್ತಿದ್ದಳು. "ಹಾಸ್ಟೆಲಿನ ಸಾರಿನಾಗ ಬಿತ್ತೇನ ಮತ್ತ? ಹುಡಿಗ್ಯಾರ ಹೊಟ್ಟ್ಯಾಗ ಹುಡಕೂದೇನ್ ಈಗ?"

"ಕಳದೇನವಾ, ನನ್ನ ಕೈಲೆನ ಕಳದೈತಿ" ಎಂದಳು ಆಕೆ. "ಬೈರಿ, ಬೈಸ್ಕೋತೇನಿ."

ಆಗ ನನ್ನನ್ನು ಕಂಡಳು. ಕಣ್ಣು ನನ್ನ ಸೆರಗಿನ ಗಂಟಿಗೆ ಹೋಯಿತು. ಒಂದು ಚಾವಿಯ ಆಕಾರ ಅರಬಿಯೊಳಗೆ ಎಷ್ಟು ಚೆಂದ ಕಾಣುತ್ತದೆ ಎಂದು ನನಗೆ ಆವಾಗಲೇ ಗೊತ್ತಾಗಿದ್ದು. ಆಕೆ ಕಣ್ಣು ತೆಗೆದಳು. ದಣದ ಬಂದೀರಿ ಅಮ್ಮಾರ, ಚಾ ಮಾಡಲೇನ್ರಿ ಎಂದಳು.

ಬೇಡ ಎಂದು ಒಳಗೆ ಹೋದೆ.

ಮೂರನೆಯ ಮನೆಯ ಮಾಸ್ತರರು ಕಲ್ಲು ತಂದು ಕೀಲಿ ಒಡೆಯಲು ಹೋಗಿದ್ದರಂತೆ. ಆಕೆಯೇ ಅಡ್ಡ ನಿಂತಿದ್ದಳಂತೆ. ಅಮ್ಮಾರು ಊರಾಗ ಇಲ್ಲ, ಅವರನ್ನ ಕೇಳದ ಅವರ ಕೀಲಿಗೆ ಕೈ ಹಚ್ಚೂದ ಬ್ಯಾಡ ಎಂದಳಂತೆ. ಕೇಳಲು ಫೋನು ಮಾಡಿದರೆ ಹತ್ತುತ್ತಿಲ್ಲ ಎಂದಳಂತೆ. ಬಾರಿಸುತ್ತಿದೆ, ಎತ್ತುತ್ತಿಲ್ಲ ಎಂದು ಹೇಳಲಿಲ್ಲ. ಎರಡು ತಾಸು ನೀರು ಗೇಟಿನ ಆಚೆ ಪೈಪಿನಲ್ಲಿ ನಿಂತು ಪಕ್ಕದ ಮನೆಗಳಿಗೆ ಹೋಯಿತು. ಇದನ್ನೆಲ್ಲ ಮರುದಿನ ಕಂಡಕ್ಟರನ ಹೆಂಡತಿಯೇ ನನಗೆ ಹೇಳಿದಳು, ಆಕೆಯ ಮೇಲಿನ ಸಿಟ್ಟಿನಲ್ಲಿ. ಮೊದಲ ಸಲ ಕಂಡಕ್ಟರನ ಹೆಂಡತಿ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು.

ಈಗ ಬರೆಯುವುದು ಕಷ್ಟದ ಮಾತು. ಆ ಮಧ್ಯಾಹ್ನ ನನಗೆ ಸುಖವಾಯಿತು. ಆಕೆಯ ಮೇಲೆ ಒಬ್ಬರು ಸಿಟ್ಟಾಗಿ ನನ್ನ ಕಟ್ಟೆಯ ಮೇಲೆ ಕುಳಿತು ದೂರು ಹೇಳುತ್ತಿದ್ದರು. ಚಾವಿ ಒಳಗೆ ಟ್ರಂಕಿನಲ್ಲಿತ್ತು. ನಾನು ಚಾ ಮಾಡಿ ಕೊಟ್ಟೆ.

ಎರಡನೆಯ ದಿನ ಆಕೆ ಹಾಸ್ಟೆಲಿಗೆ ಹೋದಾಗ ಚಾವಿಯನ್ನು ಮತ್ತೆ ಅದೇ ಮೊಳೆಗೆ ಸಿಗಿಸಿ ಬಂದೆ. ಹಿಟ್ಟಿನ ಡಬ್ಬ್ಯಾಗ ಸಿಕ್ತು ನೋಡ್ರಿ ಎಂದು ಆಕೆ ಎಲ್ಲರಿಗೂ ಹೇಳಿದಳು. ಚಾವಿ ಸಿಕ್ಕರೇನು, ಮುಂದಿನ ನಳಕ್ಕೆ ಇನ್ನೂ ಆರು ದಿನ. ಗಂಡಸರು ಮೋಟರ್ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಊರ ಹೊರಗಿನ ಬೋರಿಗೆ ಹೋಗಿ ಬಂದರು. ಆಕೆ ಹಾಸ್ಟೆಲಿನ ವಾರ್ಡನ್ನರನ್ನು ಕೇಳಿಕೊಂಡು, ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು, ದಿನಕ್ಕೆ ನಾಲ್ಕು ಸಲ ನಡೆದು ಬರುತ್ತಿದ್ದಳು. ಮೊದಲ ಕೊಡ ಬಾಣಂತಿಗೆ. ಎರಡನೆಯದು ನನ್ನ ಬಾಗಿಲಿಗೆ. ಇಳಿಸಿ, ಬಾಯಿಗೆ ತಾಟು ಮುಚ್ಚಿ, ಮಾತಾಡದೇ ಹೋಗುತ್ತಿದ್ದಳು. ಆ ನೀರಿನಲ್ಲಿ ನಾನು ಸ್ನಾನ ಮಾಡಿದೆ, ಅಡಿಗೆ ಮಾಡಿದೆ. ನಾಚಿಕೆಗಿಂತ ಸಿಟ್ಟು ಬಂತು. ಒಮ್ಮೆಯಾದರೂ ಬಂದು, ಯಾಕ ಹಿಂಗ ಮಾಡಿದ್ರಿ ಅಮ್ಮಾರ ಎಂದು ಕೇಳಿದ್ದರೆ ನಾನು ಅತ್ತು ಹೇಳಿಬಿಡುತ್ತಿದ್ದೆ ಅನಿಸುತ್ತದೆ. ಕೇಳಲಿಲ್ಲ. ಆಮೇಲೆ ನಾಲ್ಕು ವರ್ಷ ಇದ್ದಳು, ಅದರ ಮಾತೇ ಎತ್ತಲಿಲ್ಲ. ಚಾವಿಯನ್ನು ಅದೇ ಮೊಳೆಯಲ್ಲೇ ತೂಗುಹಾಕುತ್ತಿದ್ದಳು, ಯಾರ ಕೈಗಾದರೂ ಸಿಗುವಂತೆ.

ಬಾಡಿಗೆಯವರು ಅದನ್ನು ಮರೆಯಲಿಲ್ಲ. ಸಿಟ್ಟು ಹೋಯಿತು, ಚೇಷ್ಟೆ ಉಳಿಯಿತು. ಆಕೆಯ ಕೈಯಲ್ಲಿ ಸೌಟು ಕಂಡರೆ, ಅಕ್ಕಾ ಕಳೀಬ್ಯಾಡ ಮತ್ತ ಎನ್ನುವರು. ಆಕೆ ನಗುವಳು. ಅವರು ನಕ್ಕಾಗೆಲ್ಲ ನಾನು ಒಳಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ ಆಕೆ ರಿಟಾಯರ್ ಆದಳು. ಅಣ್ಣನ ಮನೆಗೆ ಬಸವನ ಬಾಗೇವಾಡಿಗೆ ಹೊರಟಳು. ಎಲ್ಲರೂ ಕೂಡಿ ಸೀರೆ ಉಡಿಸಿದರು. ಆಕೆ ಚಾವಿ ತಂದು ನನ್ನ ಕೈಯಲ್ಲಿ ಇಟ್ಟು, ಹಂಡೆ ತೊಳದೇನ್ರಿ ಅಮ್ಮಾರ, ನೋಡ್ಕೋರಿ ಎಂದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ಕಂಠದ ಮೇಲೆ ನನ್ನ ಹೆಸರು ಓದಲು ಬರುತ್ತಿತ್ತು. ಹುಷಾರಾಗಿ ಹೋಗಿ ಬಾ ಎಂದೆ. ಇನ್ನೂ ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಆಟೋ ಬಂತು.

ಈಗ ನಿಮ್ಮ ಅಪ್ಪ ಮೇಲಿನ ಟಾಕಿಗೆ ಒಂದು ಗಂಟೆ ಕೂಡಿಸಿದ್ದಾನೆ, ತುಂಬಿದರೆ ತಾನೇ ಕೂಗುತ್ತದೆ. ಚಾವಿ ನನ್ನ ಹತ್ತಿರ ಇದೆ. ಎದ್ದ ಕೂಡಲೇ ನಾನೇ ದಂಟು ಇಳಿಸುತ್ತೇನೆ. ಕೂಗಿ ಹೇಳಲು ದನಿ ಸಾಲದು, ಅಜ್ಜನ ಹಳೆಯ ಹಲಗೆಯ ಮೇಲೆ ಗೆಣ್ಣಿನ ಲೆಕ್ಕ ಬರೆದು ಗೇಟಿಗೆ ಒರಗಿಸುತ್ತೇನೆ. ಎಲ್ಲರೂ ಓದುತ್ತಾರೆ, ಹಾಗೇ ನಡೆಯುತ್ತಾರೆ. ಅಕ್ಕ ಹಾಕಿಕೊಟ್ಟ ರೂಢಿ ಎನ್ನುತ್ತಾರೆ.

ಹೋದ ಸೋಮವಾರ ಆಕೆ ತೀರಿಕೊಂಡ ಸುದ್ದಿ ಬಂತು. ಆಕೆಯ ಅಣ್ಣನ ಮಗ ಫೋನು ಮಾಡಿದ್ದು ಕಂಡಕ್ಟರನ ಹೆಂಡತಿಗೆ, ನನಗಲ್ಲ. ಎಲ್ಲರೂ ಅಂಗಳದಲ್ಲಿ ಕುಳಿತರು. ನಾನೂ ಹೋಗಿ ಕುಳಿತೆ. ಹಂಡೆಯ ಮಾತು ಬಂತು, ಗೆಣ್ಣಿನ ಮಾತು ಬಂತು, ಬಾಣಂತಿಗೆ ನೀರು ಹೊತ್ತದ್ದು ಬಂತು. ಆ ಕೂಸು ಈಗ ಸಾಲಿಗೆ ಹೋಗುತ್ತದೆ. ಕಂಡಕ್ಟರನ ಹೆಂಡತಿ ಕಣ್ಣು ಒರೆಸಿಕೊಂಡು, ಎಲ್ಲಾ ಖರೆ, ಆದರ ಚಾವಿ ಕಳದ ಎಂಟ ದಿನ ನಮ್ಮನ್ನ ಒಣಗಿಸಿದ್ಲು ನೋಡ್ರಿ ಎಂದು ಅಳುತ್ತಲೇ ನಕ್ಕಳು. ಎಲ್ಲರೂ ನಕ್ಕರು. ಹೊಸದಾಗಿ ಬಾಡಿಗೆಗೆ ಬಂದವರು ಅದೇನು ಕಥೆ ಎಂದು ಕೇಳಿದರು. ಕಂಡಕ್ಟರನ ಹೆಂಡತಿ ಸಾರಿನಿಂದ ಶುರುಮಾಡಿ ಹಿಟ್ಟಿನ ಡಬ್ಬಿಯವರೆಗೆ ಹೇಳತೊಡಗಿದಳು.

ಸತ್ತವಳ ಹೆಸರಿನ ಮೇಲೆ ಅದೊಂದು ಕಪ್ಪು ಉಳಿಯುವುದಿತ್ತು. ಅದು ನನ್ನದು.

"ಆಕಿ ಕಳೀಲಿಲ್ಲ" ಎಂದೆ. "ಚಾವಿ ನಾ ಒಯ್ದಿದ್ದೆ. ಸೆರಗಿನಾಗ ಕಟ್ಟಿಕೊಂಡ ಸಿಂದಗಿಗೆ ಹೋಗಿದ್ದೆ. ಆಕಿ ಫೋನ್ ಮಾಡಿದ್ಲು, ಬೇಕಂತ ಎತ್ತಲಿಲ್ಲ."

ಅಷ್ಟು ಜನರ ಮುಂದೆ ಅಷ್ಟು ಉದ್ದ ಮಾತನ್ನು ನಾನು ನನ್ನ ಜೀವಮಾನದಲ್ಲಿ ಆಡಿರಲಿಲ್ಲ. ಈಗ ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕುಳಿತೆ.

ಕಂಡಕ್ಟರನ ಹೆಂಡತಿ ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತಳು. ನನ್ನ ಕೈ ಹಿಡಿದುಕೊಂಡಳು.

"ನಿಮ್ಮ ಮನಸ ಎಷ್ಟ ದೊಡ್ಡದ್ರಿ ಅಮ್ಮಾರ. ಸತ್ತಾಕಿಗೆ ಒಂದ ಮಾತ ಹತ್ತಬಾರದಂತ ಆಕೀ ತಪ್ಪ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

ಅಲ್ಲ, ಖರೇನ ಎಂದೆ. ಮಾಸ್ತರನ ಹೆಂಡತಿ ಹೊಸಬರ ಕಡೆ ತಿರುಗಿ, ನೋಡ್ರಿ, ಇಂಥಾ ಮಾಲಕರು ಎಲ್ಲಿ ಸಿಗ್ತಾರ ಎಂದಳು. ಹೊಸಬರು ನನಗೆ ಕೈ ಮುಗಿದರು. ನಾನು ಇನ್ನೂ ಎರಡು ಸಲ ಹೇಳಿದೆ. ಹೇಳಿದಷ್ಟೂ ಅವರ ಕಣ್ಣಲ್ಲಿ ನೀರು ಹೆಚ್ಚಾಯಿತು. ಮೊದಲ ಮನೆಯಾಕೆ ಒಳಗೆ ಹೋಗಿ ನನಗೆಂದು ಚಾ ಮಾಡಿಕೊಂಡು ಬಂದಳು, ಬೇರೆ ಯಾರಿಗೂ ಕೊಡುವ ಮುಂಚೆ.

ಆ ಅಂಗಳದಲ್ಲಿ ಇಷ್ಟು ವರ್ಷ ಆಕೆಗೆ ಸಿಕ್ಕಿದ್ದೆಲ್ಲ ಒಂದೇ ದಿನದಲ್ಲಿ ನನಗೆ ಸಿಕ್ಕಿತು. ಆಕೆ ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು. ನಾನು ಖರೆ ಹೇಳಿದರೆ ಯಾರೂ ನಂಬುತ್ತಿಲ್ಲ. ಇದರಲ್ಲೂ ಆಕೆಯದೇ ಮೇಲುಗೈ ನೋಡಿ.

ಅದಕ್ಕೇ ನಿಮಗೆ ಬರೆದೆ. ನಿಮಗೆ ಆಕೆ ಹೆಚ್ಚೋ ನಾನು ಹೆಚ್ಚೋ ಎಂದು ಇನ್ನು ಕೇಳುವುದಿಲ್ಲ. ಇದನ್ನು ಓದಿ ಆಯಿಯ ಮನಸ್ಸು ದೊಡ್ಡದು ಎಂದು ಮಾತ್ರ ಅನ್ನಬೇಡಿ. ಚಾವಿ ಆಕೆ ಕಳೆಯಲಿಲ್ಲ. ನನ್ನ ಹತ್ತಿರವೇ ಇತ್ತು. ನೀವಿಬ್ಬರಾದರೂ ನಂಬಿರಿ.